ನೇರಳೆಯ ಬೀಜದಲ್ಲಿರುವ ಸತ್ತ್ವ

ಮುಂಗಾರು ಹಿಡಿಯುವ ದಿನಗಳಲ್ಲಿ ನಮ್ಮ ಇಟ್ಟಮಡುವಿನ ಬೀದಿಗಳಿಗೆ ನೇರಳೆಹಣ್ಣಿನ ತಳ್ಳುಗಾಡಿಗಳು ಬರುವುವು. ಹಣ್ಣನ್ನು ತಿಂದು ಬೀಜವನ್ನು ಉಗುಳುವವರೇ ಹೆಚ್ಚು. ಆದರೆ ಮನೆಯಲ್ಲಿ ಸಕ್ಕರೆಕಾಯಿಲೆಯವರಿದ್ದರೆ ಗೃಹಿಣಿಯರು ಆ ಬೀಜವನ್ನು ತೊಳೆದು, ಒಣಗಿಸಿ, ಕುಟ್ಟಿ ಪುಡಿಮಾಡಿ ಸೀಸೆಯಲ್ಲಿ ತುಂಬಿಡುವರು. ಆ ಪುಡಿಯಲ್ಲಿ ಇರುವುದೇನು? ಅದು ಮಾಡಬಲ್ಲುದೇನು? ಇವೆರಡೂ ಒಂದೇ ಪ್ರಶ್ನೆಯೆಂದು ಭಾವಿಸುವುದರಿಂದಲೇ ಅನರ್ಥವಾಗುವುದು.

ಸಂಕಲ್ಪದಲ್ಲಿ ನಾವು ನೆನೆಯುವ ಜಂಬೂದ್ವೀಪಕ್ಕೆ ಹೆಸರು ಕೊಟ್ಟುದು ಈ ಮರವೇ. ಸುಶ್ರುತಸಂಹಿತೆಯು ಜಂಬುವನ್ನು ನ್ಯಗ್ರೋಧಾದಿ ಗಣದಲ್ಲಿ ಸೇರಿಸಿರುವುದು. ವೈದ್ಯರು ಇದನ್ನು ಕಷಾಯರಸದ್ದೆಂದು ಹೇಳುವರು. ಕಷಾಯವೆಂದರೆ ಇಲ್ಲಿ ಒಲೆಯ ಮೇಲೆ ಕುದಿಸಿದುದಲ್ಲ, ನಾಲಗೆಯನ್ನು ಹಿಡಿಯುವ ಒಗರು. ಆ ಒಗರಿಗೆ ಟ್ಯಾನಿನ್ ಎಂಬ ವಸ್ತುಗಳು ಕಾರಣ. ಅವುಗಳ ಜೊತೆಗೆ ಗ್ಯಾಲಿಕ್ ಆಮ್ಲ, ಎಲಾಜಿಕ್ ಆಮ್ಲಗಳೂ ಬೀಜದಲ್ಲಿ ಉಂಟು. ಇವೆಲ್ಲ ಉತ್ಕರ್ಷಣನಿರೋಧಕಗಳು. ಹೆಚ್ಚಿದ ಸೇಬು ಗಾಳಿಗೆ ಕಪ್ಪಾಗುವುದನ್ನೂ, ನಿಂಬೆಯ ರಸ ಸವರಿದರೆ ಹಾಗಾಗದಿರುವುದನ್ನೂ ಎಲ್ಲರೂ ಕಂಡಿರುವರಷ್ಟೆ. ಅದೇ ಜಾತಿಯ ಕೆಲಸವಿದು. ನಮ್ಮ ದೇಹವು ಆಮ್ಲಜನಕವನ್ನು ಉಪಯೋಗಿಸುವಾಗಲೂ ಕೆಲವು ಚಂಚಲ ಕಣಗಳು ಹುಟ್ಟಿ ಜೀವಕೋಶಗಳನ್ನು ಕೆಡಿಸಬಲ್ಲುವು. ರಕ್ತದಲ್ಲಿ ಸಕ್ಕರೆ ಏರಿದವರಲ್ಲಿ ಅವುಗಳ ಕಾಟ ಹೆಚ್ಚು.

ಸತ್ತ್ವವನ್ನು ತೆಗೆಯುವ ಕ್ರಮ ಸುಲಭವಾದುದು. ಪುಡಿಯನ್ನು ನೀರು ಬೆರೆಸಿದ ಮದ್ಯಸಾರದಲ್ಲಿ ನೆನೆಸಿ, ಸೋಸಿ, ದ್ರವವನ್ನು ಆವಿಯಾಗಿಸಿದರೆ ಸತ್ತ್ವ ಉಳಿಯುವುದು. ಡಿಪಿಪಿಎಚ್ ಎಂಬ ರಾಸಾಯನಿಕದ ದ್ರಾವಣಕ್ಕೆ ನೇರಳೆಯ ಬಣ್ಣವೇ ಇರುವುದು. ಅದಕ್ಕೆ ಈ ಸತ್ತ್ವವನ್ನು ಬೆರೆಸಿದರೆ ಬಣ್ಣ ಅಡಗಿ ಹಳದಿಯಾಗುವುದು. ಪರೀಕ್ಷೆಯಲ್ಲಿ ಬೀಜವು ಚೆನ್ನಾಗಿಯೇ ತೇರ್ಗಡೆಯಾಯಿತೆನ್ನಬೇಕು. ಆದರೆ ಒಂದು ವಿಷಯದಲ್ಲಿ ತೇರ್ಗಡೆಯಾದ ಹುಡುಗ ಎಲ್ಲದರಲ್ಲಿಯೂ ತೇರ್ಗಡೆಯಾಗುವನೆಂದು ಮೇಷ್ಟರುಗಳಾದ ನಾವು ಎಂದೂ ನಂಬಿದವರಲ್ಲ.

ಗಾಜಿನ ನಳಿಕೆಯೇ ಬೇರೆ, ಹೊಟ್ಟೆಯೇ ಬೇರೆ. ಎಲಾಜಿಕ್ ಆಮ್ಲವು ನೇರವಾಗಿ ರಕ್ತಕ್ಕೆ ಸೇರುವುದು ಬಹಳ ಸ್ವಲ್ಪ. ಉಳಿದುದನ್ನು ಕರುಳಿನ ಸೂಕ್ಷ್ಮಜೀವಿಗಳು ಬೇರೆ ರೂಪಕ್ಕೆ ತಿರುಗಿಸುವುವು, ಅದೂ ಎಲ್ಲರಲ್ಲಿ ಒಂದೇ ಸಮನಾಗಿ ಅಲ್ಲ. ಸತ್ತ್ವವನ್ನು ಬೇರ್ಪಡಿಸಿ ಹೆಚ್ಚಾಗಿ ನುಂಗಿದರೆ ಹಿತವೇ ಆಗಬೇಕೆಂಬ ನಿಯಮವೂ ಇಲ್ಲ. ಫಿನ್ಲೆಂಡ್ ದೇಶದಲ್ಲಿ 29,000ಕ್ಕೂ ಹೆಚ್ಚು ಮಂದಿ ಧೂಮಪಾನಿಗಳ ಮೇಲೆ ಒಂದು ದೊಡ್ಡ ಪರೀಕ್ಷೆ ನಡೆಯಿತು. ಗಜ್ಜರಿಗೆ ಬಣ್ಣ ಕೊಡುವ ಬೀಟಾ ಕ್ಯಾರೋಟಿನನ್ನು ಮಾತ್ರೆಯಾಗಿ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಅರ್ಬುದವು ಕಡಮೆಯಾಗುವುದರ ಬದಲು ನೂರಕ್ಕೆ 18ರಷ್ಟು ಹೆಚ್ಚಿತೆಂದು 1994ರಲ್ಲಿ ಪ್ರಕಟವಾಯಿತು. ಅದೂ ಉತ್ಕರ್ಷಣನಿರೋಧಕವೇ. ನೇರಳೆಬೀಜದಿಂದ ಇಲಿಗಳ ರಕ್ತದಲ್ಲಿ ಸಕ್ಕರೆ ಇಳಿದುದುಂಟು. ಮನುಷ್ಯರಲ್ಲಿ ನಡೆದ ಪರೀಕ್ಷೆಗಳು ಸಣ್ಣವು.

1921ರಲ್ಲಿ ಟೊರಾಂಟೊ ನಗರದಲ್ಲಿ ಇನ್ಸುಲಿನ್ ದೊರೆಯುವುದಕ್ಕೆ ಮೊದಲು ಯೂರೋಪಿನ ವೈದ್ಯರೂ ಈ ಬೀಜವನ್ನು ಮಧುಮೇಹಕ್ಕೆ ಕೊಟ್ಟುನೋಡಿದವರೇ. ನಮ್ಮ ನೆರೆಯ ವೃದ್ಧರೊಬ್ಬರು ಪುಡಿಯನ್ನೇ ನಂಬಿ ಮಾತ್ರೆಯನ್ನು ನಿಲ್ಲಿಸಿದರು. ಕೆಲವೇ ತಿಂಗಳುಗಳಲ್ಲಿ ಕಾಲಿನ ಸಣ್ಣ ಗಾಯವು ಮಾಯದೆ ಆಸ್ಪತ್ರೆಗೆ ಸೇರಬೇಕಾಯಿತು. ಒಂದು ಬೆರಳು ಹೋಯಿತು. ಸೊಸೆ ಶ್ರದ್ಧೆಯಿಂದ ಕುಟ್ಟಿದ ಪುಡಿಯಲ್ಲಿ ದೋಷವೇನೂ ಇರಲಿಲ್ಲ.

ಮಾತ್ರೆಯ ಜೊತೆಗೆ ಪುಡಿಯನ್ನೂ ಸೇವಿಸುವವರು ವೈದ್ಯರಿಗೆ ಅದನ್ನು ಹೇಳತಕ್ಕದ್ದು. ಎರಡೂ ಕೂಡಿ ಸಕ್ಕರೆಯು ಮಿತಿಗಿಂತ ಇಳಿದರೆ ಬೆವರು, ನಡುಕ, ಕಣ್ಣುಕತ್ತಲೆ ಬರುವುವು. ಆಗ ಕೂಡಲೆ ಒಂದಿಷ್ಟು ಸಕ್ಕರೆಯನ್ನೇ ತಿನ್ನಿಸಬೇಕು. ಇನ್ನು ಸೀಸೆಯ ಮಾತು: ಮಳೆಗಾಲದಲ್ಲಿ ಬೀಜ ಪೂರ್ತಿಯಾಗಿ ಒಣಗುವುದು ಕಷ್ಟ. ಬೂಷ್ಟು ಹಿಡಿದ ಪುಡಿಯನ್ನು ಗಿಡದ ಬುಡಕ್ಕೆ ಸುರಿಯುವುದೇ ಲೇಸು.