ಹಿಮಹಾಸಿನ ಮೇಲೆ ತಲೆ ಎತ್ತಿದ ಕಲ್ಲು

ಕಣ್ಣು ಹಾಯುವಷ್ಟು ದೂರವೂ ಮಂಜುಗಡ್ಡೆ, ನಡುವೆ ಕಪ್ಪಗೆ ಒಂದು ಬೆಟ್ಟದ ನೆತ್ತಿ. ಬುಡವೂ ಕಣಿವೆಯೂ ಹಿಮದಡಿ ಹೂತುಹೋಗಿರುವ ಇಂಥ ಶಿಖರವನ್ನು ಗ್ರೀನ್‌ಲ್ಯಾಂಡಿನ ಇನುಯಿಟ್ ಜನ ನುನಟಾಕ್ ಎನ್ನುತ್ತಾರೆ. ಭೂವಿಜ್ಞಾನವೂ ಆ ಹೆಸರನ್ನೇ ಉಳಿಸಿಕೊಂಡಿದೆ. ಅಂಟಾರ್ಕ್ಟಿಕಾದಲ್ಲಿ ನೂರಕ್ಕೆ ಸುಮಾರು 98 ಪಾಲು ನೆಲ ಹಿಮದ ಕೆಳಗಿದೆ, ಆ ಹಿಮದ ಸರಾಸರಿ ದಪ್ಪ ಸುಮಾರು 2 ಕಿಲೋಮೀಟರ್. ಉಳಿದ ಚೂರುಪಾರು ನೆಲದಲ್ಲಿ ಈ ಶಿಖರಗಳೂ ಸೇರಿವೆ. ನಕ್ಷೆಯಲ್ಲಿ ಬರಿಯ ಚುಕ್ಕಿಗಳಾದರೂ ಹಿಮಹಾಸು ಹಿಂದೆ ಎಷ್ಟು ಎತ್ತರಕ್ಕಿತ್ತು, ಯಾವಾಗ ಇಳಿಯಿತು ಎಂಬುದಕ್ಕೆ ಇವುಗಳಿಗಿಂತ ನೇರವಾದ ಸಾಕ್ಷಿ ಆ ಒಳನಾಡಿನಲ್ಲಿ ಇಲ್ಲವೆಂದೇ ನನ್ನ ವಾದ.

ಕೆರೆಯ ನೀರು ಇಳಿಯುತ್ತ ಹೋದಂತೆ ಏರಿಯ ಕಲ್ಲುಗಳ ಮೇಲೆ ಗೆರೆಗಳು ಉಳಿಯುತ್ತವಲ್ಲ, ಇಲ್ಲಿ ಆ ಕೆಲಸವನ್ನು ಬಂಡೆಗುಂಡುಗಳು ಮಾಡುತ್ತವೆ. ಹರಿಯುವ ಹಿಮ ದೂರದಿಂದ ಹೊತ್ತು ತಂದ ಗುಂಡುಗಳನ್ನು, ತನ್ನ ಮಟ್ಟ ತಗ್ಗಿದಾಗ, ಶಿಖರದ ಇಳಿಜಾರಿನಲ್ಲೇ ಬಿಟ್ಟುಹೋಗುತ್ತದೆ. ಅವು ಬಯಲಿಗೆ ಬಿದ್ದಂದಿನಿಂದ ವಿಶ್ವಕಿರಣಗಳು ಅವುಗಳೊಳಗಿನ ಬೆಣಚುಕಲ್ಲಿನ ಆಮ್ಲಜನಕಕ್ಕೆ ಬಡಿದು ಬೆರಿಲಿಯಂ-10 ಎಂಬ ಅಪರೂಪದ ಪರಮಾಣುಗಳನ್ನು ಹುಟ್ಟಿಸತೊಡಗುತ್ತವೆ. ಸಮುದ್ರಮಟ್ಟದಲ್ಲಿ ಒಂದು ಗ್ರಾಂ ಬೆಣಚಿನಲ್ಲಿ ವರ್ಷಕ್ಕೆ ಹುಟ್ಟುವುದು ನಾಲ್ಕೈದು ಮಾತ್ರ. ಎತ್ತರ ಏರಿದಂತೆ ಅದು ಹೆಚ್ಚುತ್ತದೆ, ದಪ್ಪ ಹಿಮದಡಿ ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಅವನ್ನು ಎಣಿಸಿದರೆ ಕಲ್ಲು ಆಕಾಶ ಕಂಡು ಎಷ್ಟು ವರ್ಷವಾಯಿತೆಂದು ತಿಳಿಯುತ್ತದೆ. ಪಶ್ಚಿಮ ಅಂಟಾರ್ಕ್ಟಿಕಾದ ಫೋರ್ಡ್ ಶ್ರೇಣಿಯ ಶಿಖರಗಳಲ್ಲಿ ಬೇರೆಬೇರೆ ಎತ್ತರದಿಂದ ಆಯ್ದ ಗುಂಡುಗಳ ಲೆಕ್ಕ 2003ರಲ್ಲಿ ಪ್ರಕಟವಾಯಿತು: ಅಲ್ಲಿನ ಹಿಮ ಕಳೆದ ಸುಮಾರು 10,000 ವರ್ಷಗಳಲ್ಲಿ 700 ಮೀಟರಿಗೂ ಹೆಚ್ಚು ತೆಳುವಾಗಿದೆ. ಉತ್ತರ ಗೋಳಾರ್ಧದ ದೊಡ್ಡ ಹಿಮಹಾಸುಗಳು ಕರಗಿ ಮುಗಿದ ಮೇಲೂ ಇಲ್ಲಿ ಇಳಿತ ನಿಂತಿರಲಿಲ್ಲ.

ಈ ಲೆಕ್ಕವನ್ನು ನಂಬುವುದು ಹೇಗೆ ಎಂಬ ಆಕ್ಷೇಪ ಹಗುರವಾದದ್ದಲ್ಲ. ತಳಕ್ಕೆ ಹೆಪ್ಪುಗಟ್ಟಿ ಕೂತ ಹಿಮ ಬಂಡೆಯನ್ನು ಅಷ್ಟಾಗಿ ಸವೆಸುವುದಿಲ್ಲ. ಹಿಂದೆಂದೋ ಬಯಲಲ್ಲಿದ್ದಾಗ ಹುಟ್ಟಿದ ಪರಮಾಣುಗಳು ಹಾಗೆಯೇ ಉಳಿದು ಕಲ್ಲಿಗೆ ಇಲ್ಲದ ವಯಸ್ಸು ಕೊಡುತ್ತವೆ. ಆದ್ದರಿಂದಲೇ ಒಂಟಿ ಕಲ್ಲನ್ನು ಯಾರೂ ನೆಚ್ಚುವುದಿಲ್ಲ. ಒಂದೇ ಎತ್ತರದ ಹಲವು ಗುಂಡುಗಳನ್ನು ಹೋಲಿಸುತ್ತಾರೆ, ಅದೇ ಬೆಣಚಿನಲ್ಲಿ ಹುಟ್ಟುವ ಕಾರ್ಬನ್-14 ಅನ್ನೂ ಅಳೆಯುತ್ತಾರೆ. ಅದು ಸುಮಾರು 5,730 ವರ್ಷಕ್ಕೊಮ್ಮೆ ಅರ್ಧಕ್ಕೆ ಇಳಿಯುವುದರಿಂದ, ಹಿಮದಡಿ ದೀರ್ಘಕಾಲ ಹೂತಿದ್ದ ಕಲ್ಲಿನಲ್ಲಿ ಹಳೆಯ ಲೆಕ್ಕ ಅಳಿಸಿಹೋಗಿರುತ್ತದೆ. ಇದಲ್ಲದೆ ಹಕ್ಕಿಗಳ ಸಾಕ್ಷ್ಯವೂ ಇದೆ. ಭಾರತದ ಮೈತ್ರಿ ನೆಲೆ ಇರುವ ಕ್ವೀನ್ ಮಾಡ್ ಲ್ಯಾಂಡಿನ ಶಿಖರಗಳಲ್ಲಿ ಹಿಮ ಪೆಟ್ರೆಲ್‌ಗಳು ಬಂಡೆಯ ಸಂದುಗಳಲ್ಲಿ ಮರಿ ಮಾಡುತ್ತವೆ. ಬೆದರಿದಾಗ ಅವು ಉಗುಳುವ ಹೊಟ್ಟೆಯ ಎಣ್ಣೆ ಗೂಡಿನ ಬಾಯಲ್ಲಿ ಪದರಪದರವಾಗಿ ಮೇಣದಂತೆ ಗಟ್ಟಿಯಾಗುತ್ತದೆ. ಸಾವಿರಾರು ವರ್ಷ ಹಳೆಯ ಪದರಗಳು ಸಿಕ್ಕಿವೆ. ಹಿಮ ಮುಚ್ಚಿದ ಕಲ್ಲಿನಲ್ಲಿ ಹಕ್ಕಿ ಗೂಡು ಕಟ್ಟಲಾರದಾದ್ದರಿಂದ, ಆ ಪದರ ಕೂಡಿದ ಕಾಲಕ್ಕೆ ಕಲ್ಲು ಹೊರಗಿತ್ತೆಂಬುದು ಖಚಿತ.

ಉಪಗ್ರಹಗಳಿರುವಾಗ ಕಲ್ಲಿನ ಗೊಡವೆ ಏಕೆ ಎಂದೂ ಕೇಳಬಹುದು. 2002ರಲ್ಲಿ ಹಾರಿದ ಗ್ರೇಸ್ ಜೋಡಿ ಉಪಗ್ರಹಗಳು ಗುರುತ್ವದ ಏರಿಳಿತದಿಂದ ಹಿಮದ ತೂಕ ಅಳೆದವು, ನಿಜ. ಆದರೆ ಹಳೆಯ ಹಿಮದ ಭಾರ ಇಳಿದದ್ದರಿಂದ ಅಲ್ಲಿನ ನೆಲವೇ ಇನ್ನೂ ನಿಧಾನವಾಗಿ ಮೇಲೇಳುತ್ತಿದೆ; ಏಳುವ ನೆಲವೂ ಕರಗುವ ಹಿಮವೂ ಆ ಅಳತೆಯಲ್ಲಿ ಬೆರೆತುಹೋಗುತ್ತವೆ. ಅವನ್ನು ಬೇರ್ಪಡಿಸಬೇಕಾದರೆ ಹಿಂದೆ ಎಷ್ಟು ಹಿಮವಿತ್ತು, ಎಂದು ಹೋಯಿತು ಎಂಬುದು ಗೊತ್ತಿರಬೇಕು, ಅದಕ್ಕೆ ಮತ್ತೆ ಈ ಗುಂಡುಗಳ ಹತ್ತಿರವೇ ಬರಬೇಕು. ನೆಲ ಏಳುವ ವೇಗವನ್ನು ಅಳೆಯುವ ಜಿಪಿಎಸ್ ಉಪಕರಣಗಳನ್ನು ಬಿಗಿಯುವುದೂ ಇಂಥ ಶಿಖರಗಳ ಮೇಲೆಯೇ. ತೂತು ಕೊರೆದು ಮೊಳೆ ಹೊಡೆಯಲು ಅಲ್ಲಿ ಗಟ್ಟಿ ಬಂಡೆ ಸಿಗುವುದು ಇವುಗಳಲ್ಲಿ.