ಸುಮ್ಮನಿದ್ದ ನೀರು ಉಕ್ಕಿತು!

ಕಳೆದ ಮಳೆಗಾಲದ ಒಂದು ಸಂಜೆ. ಮಗ, ಸೊಸೆ ಇನ್ನೂ ಆಫೀಸಿನಿಂದ ಬಂದಿರಲಿಲ್ಲ. ಏಳನೇ ತರಗತಿಯ ಮೊಮ್ಮಗಳು ಪುಟ್ಟಿ ಊಟದ ಮೇಜಿನ ಮೇಲೆ ಹೋಂವರ್ಕ್ ಹರಡಿಕೊಂಡು ಕುಳಿತಿದ್ದಳು. ಗ್ಯಾಸ್ ಹಚ್ಚುವುದಕ್ಕೂ ಸೋಮಾರಿತನ ನನಗೆ. ನುಣುಪಾದ ಗಾಜಿನ ಲೋಟದಲ್ಲಿ ನೀರು ತುಂಬಿ ಮೈಕ್ರೋವೇವ್ ಒಳಗಿಟ್ಟು ಮೂರು ನಿಮಿಷ ಒತ್ತಿದೆ.

ಹೊರತೆಗೆದರೆ ನೀರಿನಲ್ಲಿ ಒಂದು ಗುಳ್ಳೆಯೂ ಇಲ್ಲ. 'ಅಯ್ಯೋ, ಕುದಿದೇ ಇಲ್ಲವಲ್ಲ' ಎಂದುಕೊಳ್ಳುತ್ತಾ ಒಂದು ಚಮಚ ಇನ್‌ಸ್ಟಂಟ್ ಕಾಫಿಪುಡಿ ಹಾಕಿದೆ, ಅಷ್ಟೇ. ಭುಸ್ಸೆಂದು ಅರ್ಧ ಲೋಟ ನೀರು ಉಕ್ಕಿ ನನ್ನ ಕೈಮೇಲೆ ಬಿತ್ತು!

ನಾನು ಅರಿಶಿನದ ಡಬ್ಬಿಗೆ ಕೈ ಹಾಕಿದೆ. "ಬೇಡ ಅಜ್ಜೀ! ಮೊದಲು ಬಳೆ ತೆಗಿ, ಕೈ ನಲ್ಲಿ ಕೆಳಗೆ ಹಿಡಿ" ಎಂದು ಪುಟ್ಟಿ ನನ್ನನ್ನು ಎಳೆದೊಯ್ದಳು. ಗಡಿಯಾರ ನೋಡುತ್ತಾ ಪೂರ್ತಿ 20 ನಿಮಿಷ ಅಲ್ಲೇ ನಿಲ್ಲಿಸಿದಳು. ಅರಿಶಿನ, ಟೂತ್‌ಪೇಸ್ಟ್, ಐಸ್ ಯಾವುದನ್ನೂ ಹಚ್ಚಬಾರದೆಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದರಂತೆ. ಆಮೇಲೆ ಡಾಕ್ಟರೂ ಅದನ್ನೇ ಹೇಳಿದರು. ಬೊಬ್ಬೆ ಮಾಯಲು ಎರಡು ವಾರ ಬೇಕಾಯಿತು.

ಕುದಿಯದ ನೀರು ಉಕ್ಕಿದ್ದು ಹೇಗೆ? ಒಲೆಯ ಮೇಲೆ ಪಾತ್ರೆಯ ತಳ ಮೊದಲು ಕಾಯುತ್ತದೆ, ಅಲ್ಲಿಂದ ಗುಳ್ಳೆಗಳು ಏಳುತ್ತವೆ. ಮೈಕ್ರೋವೇವ್ ತರಂಗಗಳು ನೇರವಾಗಿ ನೀರನ್ನೇ ಕಾಯಿಸುತ್ತವೆ. ಲೋಟ ತೀರಾ ನುಣುಪಾಗಿದ್ದರೆ ಗುಳ್ಳೆ ಹುಟ್ಟಲು ಜಾಗವೇ ಸಿಗದೆ ನೀರು 100 ಡಿಗ್ರಿ ದಾಟಿದರೂ ಸುಮ್ಮನಿರುತ್ತದೆ. ಒಂದು ಚಮಚ ಪುಡಿ ಬಿದ್ದರೆ ಸಾಕು, ಎಲ್ಲ ಗುಳ್ಳೆಗಳೂ ಒಟ್ಟಿಗೆ ಎದ್ದುಬಿಡುತ್ತವೆ. ಆದ್ದರಿಂದ ನೀರು ಕಾಯಿಸಲೇಬೇಕಿದ್ದರೆ ಲೋಟದೊಳಗೆ ಒಂದು ಮರದ ಚಮಚ ಇಟ್ಟು, ಸ್ವಲ್ಪ ಹೊತ್ತು ಮಾತ್ರ ಕಾಯಿಸಿ. ಆಮೇಲೆ ಅರ್ಧ ನಿಮಿಷ ಮುಟ್ಟಬೇಡಿ. ಮುಖವನ್ನಂತೂ ಬಗ್ಗಿಸಲೇಬೇಡಿ. ನಮ್ಮ ಓವನ್ ಫ್ರಿಜ್ಜಿನ ತಲೆಯ ಮೇಲಿತ್ತು! ಪುಟ್ಟಿ ಲೋಟ ಇಳಿಸಿದ್ದರೆ ಏನಾಗುತ್ತಿತ್ತೋ ಎಂದು ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನವೇ ಅದು ಅಡುಗೆ ಕಟ್ಟೆಗೆ ಇಳಿಯಿತು.

ಈ ಪೆಟ್ಟಿಗೆ ಹುಟ್ಟಿದ ಕಥೆಯೂ ತಮಾಷೆಯದು. 1945ರಲ್ಲಿ ಅಮೆರಿಕದ ಪರ್ಸಿ ಸ್ಪೆನ್ಸರ್ ಎಂಬ ಎಂಜಿನಿಯರ್ ರೇಡಾರ್ ಯಂತ್ರದ ಬಳಿ ನಿಂತಿದ್ದಾಗ ಅವರ ಜೇಬಿನಲ್ಲಿದ್ದ ಚಾಕೊಲೇಟ್ ಕರಗಿತಂತೆ. ಜೋಳದ ಕಾಳು ಇಟ್ಟರು, ಅರಳಿತು. ಮೊಟ್ಟೆ ಇಟ್ಟರು, ಸಿಡಿಯಿತು! ಈಗಲೂ ಅಷ್ಟೇ, ಮೊಟ್ಟೆಯನ್ನು ಚಿಪ್ಪಿನೊಂದಿಗೆ ಇಡಬಾರದು. ಬೇಯಿಸಿ ಸುಲಿದ ಮೊಟ್ಟೆಯೂ ಸಿಡಿಯಬಹುದು. ಆಲೂಗಡ್ಡೆ, ಬದನೆಕಾಯಿಗೆ ಫೋರ್ಕಿನಿಂದ ನಾಲ್ಕಾರು ಕಡೆ ಚುಚ್ಚಿಯೇ ಇಡಿ.

ನಮ್ಮ ಅಡುಗೆಮನೆಗಳ ತುಂಬ ಸ್ಟೀಲ್ ಪಾತ್ರೆಗಳೇ ತಾನೇ? ಅವು ಯಾವುವೂ ಇದಕ್ಕೆ ಆಗುವುದಿಲ್ಲ. ನನ್ನ ಮದುವೆಗೆ ಬಂದಿದ್ದ ಚಿನ್ನದ ಅಂಚಿನ ಪಿಂಗಾಣಿ ಬಟ್ಟಲು ಇಟ್ಟಾಗ ಒಳಗೆ ಸಣ್ಣ ದೀಪಾವಳಿಯೇ ನಡೆಯಿತು. ಹೋಟೆಲಿನಿಂದ ಪಾರ್ಸೆಲ್ ಬಂದ ತೆಳ್ಳನೆಯ ಪ್ಲಾಸ್ಟಿಕ್ ಡಬ್ಬಿಯೂ ಬೇಡ. 'ಮೈಕ್ರೋವೇವ್ ಸೇಫ್' ಎಂದು ಬರೆದಿರುವ ಗಾಜು, ಪಿಂಗಾಣಿಯೇ ಸರಿ.

ನಿನ್ನೆಯ ಹುಳಿ ಬಿಸಿ ಮಾಡುವಾಗ ತಟ್ಟೆಯನ್ನು ಸ್ವಲ್ಪ ಓರೆಯಾಗಿ ಮುಚ್ಚಿ, ನಡುವೆ ಒಮ್ಮೆ ಕಲಕುತ್ತೇನೆ. ತರಂಗಗಳು ಒಂದೆರಡು ಸೆಂಟಿಮೀಟರ್ ಆಳಕ್ಕಷ್ಟೇ ಚೆನ್ನಾಗಿ ಇಳಿಯುವುದರಿಂದ ಅಂಚು ಸುಡುತ್ತಿದ್ದರೂ ನಡುವೆ ತಣ್ಣಗಿರುತ್ತದೆ. ಹೊರತೆಗೆದ ಮೇಲೆ ಎರಡು ನಿಮಿಷ ಬಿಟ್ಟರೆ ಬಿಸಿ ಸಮನಾಗುತ್ತದೆ. ಮುಚ್ಚಳ ತೆಗೆಯುವಾಗ ಆವಿ ನಿಮ್ಮ ಕಡೆಗಲ್ಲ, ಆಚೆ ಕಡೆಗೆ ಹೋಗಲಿ.

ಹಪ್ಪಳಕ್ಕೆ ಮಾತ್ರ ಇದಕ್ಕಿಂತ ಒಳ್ಳೆಯ ಒಲೆ ಇಲ್ಲವೆಂದು ನನ್ನ ಅಭಿಪ್ರಾಯ. ಎರಡೂ ಬದಿಗೆ ಎಣ್ಣೆ ಸವರಿ ಒಂದು ನಿಮಿಷದೊಳಗೆ ತೆಗೆದರೆ ಕರಿದಂತೆಯೇ ಗರಿಗರಿ. ಆದರೆ ಇಟ್ಟು ಸೀರಿಯಲ್ ನೋಡಲು ಹೋಗಬೇಡಿ, ಹೊತ್ತಿಕೊಂಡೀತು. ಒಳಗೆ ಬೆಂಕಿ ಕಂಡರೆ ಬಾಗಿಲು ತೆರೆಯದೆ ಸ್ವಿಚ್ ಆರಿಸಿ. ಗಾಳಿ ಸಿಗದೆ ಅದೇ ನಂದುತ್ತದೆ.

ಈಗ ನನ್ನ ಸಂಜೆಯ ಕಾಫಿಗೆ ನೀರು ಗ್ಯಾಸಿನ ಮೇಲೇ. ಹಪ್ಪಳದ ಜವಾಬ್ದಾರಿ ಪುಟ್ಟಿಯದು, ನಾನು ಪಕ್ಕದಲ್ಲಿ ನಿಂತಿರುತ್ತೇನೆ. ತಾತನಿಗೆ ದಿನಕ್ಕೆ ಎರಡೇ ಎಂದು ಅವಳ ಲೆಕ್ಕ. ಮೂರನೆಯದಕ್ಕೆ ಅವರು ನನ್ನ ಕಡೆ ನೋಡುತ್ತಾರೆ.