210 ಕಂಡರೆ ಗಾಬರಿ ಬೇಡ

ಗೇಮಿಂಗ್ ಲ್ಯಾಪ್‌ಟಾಪ್ ಕೊಂಡವರು ಮೊದಲ ವಾರದಲ್ಲೇ ಜಿಪಿಯು-ಝಡ್ ಥರದ ತಂತ್ರಾಂಶ ಹಾಕಿಕೊಂಡು ಗ್ರಾಫಿಕ್ಸ್ ಕಾರ್ಡಿನ ಅಂಕಿಗಳನ್ನು ನೋಡತೊಡಗುತ್ತಾರೆ. ತಲೆಬಿಸಿ ಶುರುವಾಗುವುದೂ ಅಲ್ಲಿಂದಲೇ. ಜಾಹೀರಾತಿನಲ್ಲಿ 2370 ಮೆಗಾಹರ್ಟ್ಸ್ ಎಂದಿದ್ದ ಕ್ಲಾಕ್ ಪರದೆಯ ಮೇಲೆ 210 ಎಂದು ತೋರಿಸುತ್ತಿರುತ್ತದೆ. ಸರ್ವಿಸ್ ಸೆಂಟರಿಗೆ ಓಡುವ ಮುಂಚೆ ಒಂದು ವಿಷಯ ತಿಳಿದಿರಲಿ: ಕ್ಲಾಕ್ ಎಷ್ಟಿರಬೇಕೆಂದು ಕಾರ್ಡು ಕ್ಷಣಕ್ಷಣಕ್ಕೂ ತಾನೇ ನಿರ್ಧರಿಸುತ್ತಿರುತ್ತದೆ. ಅದು ಯಾಕೆ ಇಳಿಯಿತು ಎಂದು ಗೊತ್ತಾಗದೆ ಎಷ್ಟು ಇಳಿಯಿತು ಎಂಬ ಅಂಕಿಯಿಂದ ಪ್ರಯೋಜನವಿಲ್ಲ.

ತಪ್ಪು ಕಲ್ಪನೆ: ಕ್ಲಾಕ್ ಇಳಿದಿದ್ದರೆ ಕಾರ್ಡ್ ಕೆಟ್ಟಿದೆ

ಕೆಲಸವಿಲ್ಲದಾಗ ಎನ್‌ವಿಡಿಯಾ ಕಾರ್ಡು 210 ಅಥವಾ 300 ಮೆಗಾಹರ್ಟ್ಸ್‌ಗೆ ಇಳಿಯುವುದು, ಮೆಮೊರಿ ಕ್ಲಾಕ್ 405ಕ್ಕೆ ಬರುವುದು ಆರೋಗ್ಯದ ಲಕ್ಷಣ. ಚಿಪ್ ತಿನ್ನುವ ವಿದ್ಯುತ್ತು ಕ್ಲಾಕಿನ ಜೊತೆಗೂ ಏರುತ್ತದೆ, ವೋಲ್ಟೇಜಿನ ವರ್ಗದ ಜೊತೆಗೂ ಏರುತ್ತದೆ. ಎರಡನ್ನೂ ಒಟ್ಟಿಗೆ ಇಳಿಸಿದರೆ ಉಳಿತಾಯ ದೊಡ್ಡದು. ಪಿಸಿಐ ಎಕ್ಸ್‌ಪ್ರೆಸ್ ಸಂಪರ್ಕ 1.1 ಎಂದು ತೋರಿಸುವುದೂ ಇದೇ ಕಾರಣಕ್ಕೆ. ಜಿಪಿಯು-ಝಡ್‌ನಲ್ಲಿ ಅದರ ಪಕ್ಕದ ಪ್ರಶ್ನೆ ಚಿಹ್ನೆ ಒತ್ತಿ, ಕಾರ್ಡಿಗೆ ಸ್ವಲ್ಪ ಕೆಲಸ ಕೊಟ್ಟು ನೋಡಿ, ತಾನಾಗಿ ಮೇಲೇರುತ್ತದೆ.

ಇಲ್ಲೊಂದು ತಮಾಷೆಯಿದೆ. 2010ರಲ್ಲಿ ಬಂದ ಎನ್‌ವಿಡಿಯಾದ ಆಪ್ಟಿಮಸ್ ವ್ಯವಸ್ಥೆಯಲ್ಲಿ, ಪ್ರೊಸೆಸರಿನೊಳಗಿನ ಗ್ರಾಫಿಕ್ಸೇ ಸಾಕಾದಾಗ ದೊಡ್ಡ ಕಾರ್ಡು ಪೂರ್ತಿ ಮಲಗಿಬಿಡುತ್ತದೆ. ಮಲಗಿದೆಯೇ ಎಂದು ಇಣುಕಿ ನೋಡುವ ತಂತ್ರಾಂಶವೇ ಅದನ್ನು ಪದೇಪದೇ ಎಬ್ಬಿಸುವುದುಂಟು. ಬ್ಯಾಟರಿ ಬೇಗ ಖಾಲಿಯಾಗುತ್ತಿದೆ ಎನ್ನುವವರು ಮೊದಲು ಆ ತಂತ್ರಾಂಶವನ್ನು ಮುಚ್ಚಿ ನೋಡಲಿ.

ತಪ್ಪು ಕಲ್ಪನೆ: ಹೆಸರು ಒಂದೇ ಆದರೆ ವೇಗವೂ ಒಂದೇ

ಆರ್‌ಟಿಎಕ್ಸ್ 4060 ಲ್ಯಾಪ್‌ಟಾಪ್ ಕಾರ್ಡನ್ನೇ ತೆಗೆದುಕೊಳ್ಳಿ. ಎನ್‌ವಿಡಿಯಾ ಅದಕ್ಕೆ ಕೊಟ್ಟಿರುವ ವಿದ್ಯುತ್ ಮಿತಿ 35ರಿಂದ 115 ವ್ಯಾಟ್, ಬೂಸ್ಟ್ ಕ್ಲಾಕ್ 1470ರಿಂದ 2370 ಮೆಗಾಹರ್ಟ್ಸ್. ಈ ವ್ಯಾಪ್ತಿಯಲ್ಲಿ ಎಲ್ಲಿ ನಿಲ್ಲಿಸಬೇಕೆಂದು ತೀರ್ಮಾನಿಸುವುದು ಲ್ಯಾಪ್‌ಟಾಪ್ ತಯಾರಕರು. ತೆಳ್ಳಗಿನ ಮಾಡೆಲ್ ಕೊಂಡವರು ಗೆಳೆಯನ ದಪ್ಪ ಮಾಡೆಲ್ಲಿನ ಅಂಕಿ ನೋಡಿ ಕೊರಗುವುದು ವ್ಯರ್ಥ, ಯಾವ ಸೆಟ್ಟಿಂಗಿನಿಂದಲೂ ಅದು ಬಾರದು. ಅಂಗಡಿಗಳು ಕಾರ್ಡಿನ ಹೆಸರನ್ನು ದಪ್ಪಕ್ಷರದಲ್ಲಿ ಹಾಕಿ ವ್ಯಾಟನ್ನು ಬಾಯಿಬಿಡದಿರುವುದು ನನಗಂತೂ ಸರಿಯೆನಿಸುವುದಿಲ್ಲ. ಈಗಾಗಲೇ ಕೊಂಡಿದ್ದರೆ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ ಸಿಸ್ಟಂ ಇನ್‌ಫರ್ಮೇಷನ್ ಪುಟದಲ್ಲಿ ಗರಿಷ್ಠ ಗ್ರಾಫಿಕ್ಸ್ ಪವರ್ ಎಷ್ಟೆಂದು ಬರೆದಿರುತ್ತದೆ.

ತಪ್ಪು ಕಲ್ಪನೆ: ಬ್ಯಾಟರಿಯಲ್ಲೂ ಪೂರ್ತಿ ವೇಗ ಸಿಗಬೇಕು, ಯಾವುದೋ ಸೆಟ್ಟಿಂಗ್ ತಡೆಯುತ್ತಿದೆ

ಇದರ ಉತ್ತರ ವಿಮಾನಯಾನದ ನಿಯಮದಲ್ಲೂ ಇದೆ. ವಿಶೇಷ ಅನುಮತಿಯಿಲ್ಲದೆ ವಿಮಾನದಲ್ಲಿ ಒಯ್ಯಬಹುದಾದ ಬ್ಯಾಟರಿಗೆ 100 ವ್ಯಾಟ್-ಅವರ್ ಮಿತಿಯಿದೆ. ಹಾಗಾಗಿ ದೊಡ್ಡ ಲ್ಯಾಪ್‌ಟಾಪುಗಳೂ 99ರ ಆಸುಪಾಸಿನಲ್ಲೇ ನಿಲ್ಲುತ್ತವೆ. ಪ್ರೊಸೆಸರ್, ಕಾರ್ಡ್ ಎರಡೂ ಸೇರಿ 200 ವ್ಯಾಟ್ ಎಳೆದರೆ 90 ವ್ಯಾಟ್-ಅವರ್ ಬ್ಯಾಟರಿ ಅರ್ಧ ಗಂಟೆಯೂ ಬಾರದು. ಅಷ್ಟು ರಭಸದಲ್ಲಿ ವಿದ್ಯುತ್ ಹೊರಹಾಕುವುದು ಬ್ಯಾಟರಿಯ ಕೋಶಗಳಿಗೂ ಒಳ್ಳೆಯದಲ್ಲ. ಚಾರ್ಜರ್ ಕಿತ್ತ ಕೂಡಲೇ ಫರ್ಮ್‌ವೇರ್ ಕಾರ್ಡಿನ ವ್ಯಾಟಿಗೆ ಕಡಿವಾಣ ಹಾಕುವುದು ಅದಕ್ಕೇ.

ಆಟ 30 ಫ್ರೇಮಿಗೇ ಕಚ್ಚಿಕೊಂಡು ನಿಂತಿದ್ದರೆ ಮಾತ್ರ ಸೆಟ್ಟಿಂಗನ್ನು ಅನುಮಾನಿಸಬಹುದು. ಬ್ಯಾಟರಿ ಬೂಸ್ಟ್ ಎಂಬ ಸೌಲಭ್ಯ ಹಾಗೆ ಕಟ್ಟಿಹಾಕುತ್ತದೆ. ಅದನ್ನು ಆಫ್ ಮಾಡಿದರೆ ಫ್ರೇಮಿನ ಕಟ್ಟು ಬಿಚ್ಚೀತು, ವ್ಯಾಟಿನ ಮಿತಿ ಹಾಗೇ ಉಳಿಯುತ್ತದೆ.

ವಿದ್ಯುತ್ ಸಾಲದಿರುವುದರ ಇನ್ನೊಂದು ರೂಪ ಟೈಪ್-ಸಿ ಚಾರ್ಜರ್. 65 ವ್ಯಾಟಿನದನ್ನು ಚುಚ್ಚಿದಾಗಲೂ ಚಾರ್ಜ್ ಆಗುತ್ತಿರುವ ಚಿಹ್ನೆ ಬರುತ್ತದೆ, ನಾವು ನಂಬಿಬಿಡುತ್ತೇವೆ. 230 ವ್ಯಾಟಿನ ಚಾರ್ಜರ್ ಜೊತೆ ಬಂದ ಲ್ಯಾಪ್‌ಟಾಪಿಗೆ ಅದು ಯಾವ ಮೂಲೆಗೆ? ಆಡುವಾಗ ಬ್ಯಾಟರಿಯ ಶೇಕಡಾವಾರು ಇಳಿಯುತ್ತಾ ಹೋದರೆ ಕಾರಣ ಸಿಕ್ಕಂತೆ.

ತಪ್ಪು ಕಲ್ಪನೆ: ‘ಪ್ರಿಫರ್ ಮ್ಯಾಕ್ಸಿಮಮ್ ಪರ್ಫಾರ್ಮೆನ್ಸ್’ ಹಾಕಿದರೆ ಎಲ್ಲ ಸರಿಹೋಗುತ್ತದೆ

ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ ಈ ಆಯ್ಕೆ ಕ್ಲಾಕ್ ಕೆಳಗಿಳಿಯದಂತೆ ಹಿಡಿಯುತ್ತದೆ, ಅಷ್ಟೇ. ವಿದ್ಯುತ್ತಿನ ಮಿತಿಯನ್ನಾಗಲಿ ಶಾಖದ ಮಿತಿಯನ್ನಾಗಲಿ ಮೀರಿಸುವುದಿಲ್ಲ. ಎಲ್ಲ ತಂತ್ರಾಂಶಗಳಿಗೂ ಅನ್ವಯವಾಗುವಂತೆ ಹಾಕಿದರೆ ಸುಮ್ಮನೆ ಕೂತಾಗಲೂ ಫ್ಯಾನ್ ಗುಯ್ಗುಡುವ ಸಾಧ್ಯತೆಯೇ ಹೆಚ್ಚು. ತೊಂದರೆ ಕೊಡುವ ಆಟವೊಂದಕ್ಕೆ ಮಾತ್ರ ಹಾಕಿ ನೋಡಿ. ತಯಾರಕರು ಇಟ್ಟ ಮಿತಿಯೊಳಗೆ ವ್ಯಾಟನ್ನು ನಿಜವಾಗಿ ಬದಲಿಸುವುದು ಆರ್ಮರಿ ಕ್ರೇಟ್, ಲೆನೊವೊ ವಾಂಟೇಜ್‌ನಂಥ ತಯಾರಕರ ತಂತ್ರಾಂಶದೊಳಗಿನ ಮೋಡ್‌ಗಳು.

ತಪ್ಪು ಕಲ್ಪನೆ: ಆಡುವಾಗ ಕ್ಲಾಕ್ ಇಳಿದರೆ ಬಿಸಿಯೇ ಕಾರಣ, ಚಿಪ್ಪಿನ ಮೇಲಿನ ಥರ್ಮಲ್ ಪೇಸ್ಟ್ ಬದಲಿಸಬೇಕು

ಜಿಪಿಯು-ಝಡ್‌ನ ಸೆನ್ಸರ್ ಪುಟದಲ್ಲಿ ‘ಪರ್ಫ್‌ಕ್ಯಾಪ್ ರೀಸನ್’ ಎಂಬ ಸಾಲಿದೆ. ಎಷ್ಟೋ ಜನ ಅದನ್ನು ನೋಡುವುದೇ ಇಲ್ಲ, ಅಲ್ಲಿ ಕಾರಣ ನೇರವಾಗಿ ಬರೆದಿರುತ್ತದೆ. ‘ಥರ್ಮಲ್’ ಎಂದಿದ್ದರೆ ಶಾಖ. ‘ಪವರ್’ ಎಂದಿದ್ದರೆ ವ್ಯಾಟಿನ ಮಿತಿ ಮುಟ್ಟಿದೆ. ಅದಕ್ಕೆ ಪೇಸ್ಟ್ ಬದಲಿಸುವುದು ಹಲ್ಲುನೋವಿಗೆ ಕನ್ನಡಕ ಬದಲಿಸಿದಂತೆ. ‘ಯುಟಿಲೈಸೇಷನ್’ ಎಂದಿದ್ದರೆ ಕಾರ್ಡಿಗೆ ಮಾಡಲು ಸಾಕಷ್ಟು ಕೆಲಸವೇ ಇಲ್ಲ: ಒಂದೋ ಪ್ರೊಸೆಸರ್ ಹಿಂದೆ ಬಿದ್ದಿದೆ, ಇಲ್ಲವೇ ವಿ-ಸಿಂಕ್ ಅಥವಾ ಫ್ರೇಮ್ ಮಿತಿ ಚಾಲೂ ಇದೆ.

ಶಾಖ ಸುಳ್ಳಲ್ಲ. ಹಲವು ಲ್ಯಾಪ್‌ಟಾಪ್ ಕಾರ್ಡುಗಳು 87 ಡಿಗ್ರಿ ಆಸುಪಾಸಿನಲ್ಲಿ ಹಿಂದೆ ಸರಿಯುತ್ತವೆ. ರಾಯಚೂರು, ಕಲಬುರಗಿಯ ಏಪ್ರಿಲ್ ಮಧ್ಯಾಹ್ನ, ಕೂಲರ್ ಇಲ್ಲದ ಕೋಣೆಯಲ್ಲಿ ಆ ಗೆರೆ ಬೇಗ ಮುಟ್ಟುತ್ತದೆ. ಹಿಂಬದಿಯನ್ನು ಎರಡು ಬೆರಳಷ್ಟು ಎತ್ತರಿಸಿ, ಗಾಳಿಕಿಂಡಿಯ ಧೂಳು ತೆಗೆಸಿ, ಆಮೇಲೆ ಪೇಸ್ಟಿನ ಮಾತಾಡಿದರಾಯಿತು.

ಹಾಗಾದರೆ ನಿಜವಾದ ದೋಷ ಹೇಗಿರುತ್ತದೆ? ಜೊತೆಗೆ ಬಂದ ಚಾರ್ಜರ್ರೇ ಹಾಕಿದೆ, ಮೋಡ್ ಸರಿಯಿದೆ, ಶಾಖ 60 ಡಿಗ್ರಿ, ಕಾರ್ಡಿನ ಬಳಕೆ 100 ಪ್ರತಿಶತ; ಆದರೂ ಕ್ಲಾಕ್ ಕೆಲವೇ ನೂರು ಮೆಗಾಹರ್ಟ್ಸ್‌ನಲ್ಲಿ ಅಂಟಿಕೊಂಡಿದೆ. ಲ್ಯಾಪ್‌ಟಾಪನ್ನು ಪೂರ್ತಿ ಆರಿಸಿ, ಚಾರ್ಜರ್ ಕಿತ್ತು, ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿಹಿಡಿದು ಮತ್ತೆ ಹಚ್ಚಿ. ತಯಾರಕರ ಬಯಾಸ್ ಅಪ್‌ಡೇಟ್ ಇದ್ದರೆ ಹಾಕಿ. ಕೆಲವು ಚಾರ್ಜರ್‌ಗಳ ಪಿನ್ನಿನ ನಡುವಿನ ತೆಳು ಕಡ್ಡಿಯೇ ತಾನು ಎಷ್ಟು ವ್ಯಾಟಿನದೆಂದು ಲ್ಯಾಪ್‌ಟಾಪಿಗೆ ತಿಳಿಸುವುದು. ಅದು ಬಾಗಿದ್ದರೂ ವೇಗ ಕುಸಿಯುತ್ತದೆ. ಕಾರ್ಡು ಬದಲಿಸಬೇಕು ಎಂದು ಯಾರಾದರೂ ಹೇಳಿದರೆ, ಒಪ್ಪುವ ಮುಂಚೆ ಅದೇ ವ್ಯಾಟಿನ ಇನ್ನೊಂದು ಅಸಲಿ ಚಾರ್ಜರ್ ಹಾಕಿ ತೋರಿಸಲು ಕೇಳಿ.